ಗಿರಣಿ ಮಾಲೀಕ ಕಟ್ಟಿದ ಊರು ಸಾಲ್ಟೇರ್

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬ್ರಾಡ್‌ಫರ್ಡ್ 1840ರ ದಶಕದಲ್ಲಿ ಉಣ್ಣೆಯಿಂದ ಸಿರಿವಂತವಾಗಿತ್ತು, ಹೊಗೆಯಿಂದ ಕಪ್ಪಾಗಿತ್ತು. ಕೂಲಿಕಾರರು ಕೊಳಚೆಯ ಪಕ್ಕದ ಇಕ್ಕಟ್ಟು ಮನೆಗಳಲ್ಲಿದ್ದರು. 1849ರಲ್ಲಿ ಕಾಲರಾ ಬಡಿದಾಗ ಅಲ್ಲಿನ ಮೇಯರ್ ಆಗಿದ್ದವನು ಟೈಟಸ್ ಸಾಲ್ಟ್. ದಕ್ಷಿಣ ಅಮೆರಿಕದ ಅಲ್ಪಾಕಾ ಉಣ್ಣೆಯಿಂದ ಶ್ರೀಮಂತನಾದ ಗಿರಣಿ ಮಾಲೀಕ. ನಗರದಲ್ಲಿ ಚದುರಿದ್ದ ತನ್ನ ಗಿರಣಿಗಳನ್ನೆಲ್ಲ ಒಂದುಗೂಡಿಸಿ ಕೆಲವು ಮೈಲಿ ಆಚೆಗೆ, ಏರ್ ನದಿಯ ದಂಡೆಗೆ ಒಯ್ಯಲು ಆತ ನಿರ್ಧರಿಸಿದ. ಸರಕು ಸಾಗಿಸಲು ಅಲ್ಲಿ ಕಾಲುವೆಯೂ ಇತ್ತು, ರೈಲೂ ಇತ್ತು. ತನ್ನ ಹೆಸರಿಗೆ ನದಿಯ ಹೆಸರು ಸೇರಿಸಿ ಅಲ್ಲಿ ಕಟ್ಟಿದ ಊರನ್ನು ಸಾಲ್ಟೇರ್ ಎಂದು ಕರೆದ.

ಗಿರಣಿ 1853ರಲ್ಲಿ, ಆತನ ಐವತ್ತನೇ ಹುಟ್ಟುಹಬ್ಬದ ದಿನ ಶುರುವಾಯಿತು. ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳು ಅದಕ್ಕೆ ಇಟಲಿಯ ಅರಮನೆಯ ರೂಪ ಕೊಟ್ಟರು. 1868ರ ಹೊಸ ಗಿರಣಿಯ ಚಿಮಣಿಯಂತೂ ವೆನಿಸ್‌ನ ಚರ್ಚ್ ಗೋಪುರದ ಮಾದರಿ.

ಆದರೆ ನಿಜವಾಗಿ ನೋಡಬೇಕಾದದ್ದು ಕಾರ್ಮಿಕರ ಮನೆಗಳನ್ನು. ಎಂಟುನೂರಕ್ಕೂ ಹೆಚ್ಚು ಮನೆಗಳು, ಸ್ಥಳೀಯ ಮರಳುಗಲ್ಲಿನವು. ಪ್ರತಿ ಮನೆಗೂ ಹಿತ್ತಲು, ಅಲ್ಲೇ ಸ್ವಂತ ಶೌಚಾಲಯ. ಬ್ರಾಡ್‌ಫರ್ಡಿನ ಕೂಲಿಕಾರನಿಗೆ ಇದು ಕನಸಿನ ಮಾತು. ಜೊತೆಗೆ ಶಾಲೆ, ಆಸ್ಪತ್ರೆ, ವೃದ್ಧರಿಗೆ ಮನೆ, ಉದ್ಯಾನ, ಗ್ರಂಥಾಲಯವಿದ್ದ ಸಭಾಭವನ. ಬೀದಿಗಳಿಗೆ ಸಾಲ್ಟ್ ತನ್ನ ಹೆಂಡತಿ ಮಕ್ಕಳ ಹೆಸರಿಟ್ಟ. ಸಾಲುಮನೆಗಳ ನಡುವೆ ಕೆಲವು ಎತ್ತರವಾಗಿ, ಅಗಲವಾಗಿ ಎದ್ದು ಕಾಣುತ್ತವೆ, ಅವು ಮೇಲ್ವಿಚಾರಕರವು. ಗಿರಣಿಯ ಒಳಗಿನ ಮೇಲುಕೀಳು ಹೀಗೆ ಬೀದಿಯ ಗೋಡೆಗೂ ಇಳಿದಿತ್ತು. ಹೆಂಡದಂಗಡಿಗೆ ಅವಕಾಶವಿರಲಿಲ್ಲ. ಬೀದಿಯಲ್ಲಿ ಬಟ್ಟೆ ಒಣಹಾಕುವುದು ಮಾಲೀಕನಿಗೆ ಸರಿಬರದೆ ಸಾರ್ವಜನಿಕ ಬಟ್ಟೆ ಒಗೆಯುವ ಮನೆ ಬಂತು. ಮನೆಯೂ ಅವನದೇ, ಕೆಲಸವೂ ಅವನದೇ ಆದಾಗ ಬಾಡಿಗೆದಾರ ಯಾವ ಬಾಯಲ್ಲಿ ಎದುರಾಡಿಯಾನು? ಸಾಲ್ಟ್‌ನ ಕರುಣೆ ದೊಡ್ಡದು. ಹಿಡಿತವೂ ಅಷ್ಟೇ ಬಿಗಿ. ಒಂದನ್ನು ಬಿಟ್ಟು ಇನ್ನೊಂದನ್ನು ಹೊಗಳುವುದು ಆ ಬೀದಿಗಳಲ್ಲಿ ಬದುಕಿದವರಿಗೆ ನ್ಯಾಯವಲ್ಲ.

ಸಾಲ್ಟ್ 1876ರಲ್ಲಿ ತೀರಿಕೊಂಡ. ಗಿರಣಿ 1986ರಲ್ಲಿ ನಿಂತಿತು. ಮರುವರ್ಷ ಜೊನಾಥನ್ ಸಿಲ್ವರ್ ಎಂಬ ಉದ್ಯಮಿ ಅದನ್ನು ಕೊಂಡು, ಬ್ರಾಡ್‌ಫರ್ಡಿನಲ್ಲೇ ಹುಟ್ಟಿದ ಕಲಾವಿದ ಡೇವಿಡ್ ಹಾಕ್ನಿಯ ಚಿತ್ರಗಳಿಗೆ ಗ್ಯಾಲರಿ ತೆರೆದ. 2001ರಲ್ಲಿ ಯುನೆಸ್ಕೊ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿನ ಮನೆಗಳಲ್ಲಿ ಇಂದಿಗೂ ಜನ ವಾಸವಿದ್ದಾರೆ. ಲೀಡ್ಸ್‌ನಿಂದ ಬರುವ ರೈಲು ಗಿರಣಿಯ ಪಕ್ಕದಲ್ಲೇ ನಿಲ್ಲುತ್ತದೆ. ಹೋದವರು ಗ್ಯಾಲರಿ ನೋಡಿ ಮರಳದೆ, ಸಾಲುಮನೆಗಳ ಹಿಂದಿನ ಓಣಿಗಳಲ್ಲೂ ಒಂದು ಸುತ್ತು ಹಾಕಿ ಬನ್ನಿ.