ಸುಣ್ಣದ ಧಾತುವೂ ಸೋತ ಹೃದಯವೂ

ಕ್ಯಾಲ್ಸಿಯಂ ಎಂದೊಡನೆ ನಮಗೆ ಮೂಳೆಯೂ ಹಲ್ಲೂ ನೆನಪಿಗೆ ಬರುವುವು. ಆದರೆ ಈ ಸುಣ್ಣದ ಧಾತುವಿಲ್ಲದೆ ಹೃದಯವು ಮಿಡಿಯಲಾರದೆಂಬುದನ್ನು ಅರಿತವರು ವಿರಳ. ಅದು ಗೊತ್ತಾದುದೂ ಆಕಸ್ಮಿಕವಾಗಿಯೇ. ಲಂಡನಿನ ಸಿಡ್ನಿ ರಿಂಗರ್ ಎಂಬ ವೈದ್ಯನು ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪಿನ ದ್ರಾವಣದಿಂದ ಅದನ್ನು ಪೋಷಿಸಿ ಪರೀಕ್ಷಿಸುತ್ತಿದ್ದನು. ಹೃದಯವು ಚೆನ್ನಾಗಿಯೇ ಮಿಡಿಯಿತು. ದ್ರಾವಣಕ್ಕೆ ಬಳಸಿದ್ದುದು ಬಟ್ಟಿಯಿಳಿಸಿದ ನೀರಲ್ಲ, ನಗರದ ನಲ್ಲಿಯ ನೀರು ಎಂದು ಆಮೇಲೆ ತಿಳಿಯಿತು. ಬಟ್ಟಿಯಿಳಿಸಿದ ನೀರನ್ನೇ ಬಳಸಿದಾಗ ಮಿಡಿತವು ಕುಗ್ಗಿ ನಿಂತುಹೋಯಿತು. ಕ್ಯಾಲ್ಸಿಯಮನ್ನು ಬೆರೆಸಲು ಮರಳಿ ಬಂದಿತು. ಇದನ್ನು ಅವನು 1883ರಲ್ಲಿ ಪ್ರಕಟಿಸಿದನು.

ಇದರ ಕಾರಣವನ್ನು ಇಂದು ನಾವು ಬಲ್ಲೆವು. ವಿಶ್ರಾಂತಿಯಲ್ಲಿರುವ ಸ್ನಾಯುಕೋಶದ ಒಳಗಿರುವುದಕ್ಕಿಂತ ಹೊರಗೆ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಸಾಂದ್ರವಾಗಿರುವುದು. ಕೋಶದ ಪೊರೆಯಲ್ಲಿ ಅತಿ ಸೂಕ್ಷ್ಮವಾದ ದ್ವಾರಗಳಿವೆ. ವಿದ್ಯುತ್ಪ್ರಚೋದನೆ ತಗಲಿದಾಗ ಅವು ಕ್ಷಣಮಾತ್ರ ತೆರೆಯುವುವು. ಒಳನುಗ್ಗಿದ ಕ್ಯಾಲ್ಸಿಯಂ ಕೋಶದೊಳಗಿನ ಉಗ್ರಾಣದಿಂದ ಇನ್ನಷ್ಟು ಕ್ಯಾಲ್ಸಿಯಮನ್ನು ಹೊರಡಿಸುವುದು, ಸ್ನಾಯುವು ಸಂಕುಚಿಸುವುದು. ಧಮನಿಗಳ ಗೋಡೆಯ ಸ್ನಾಯುವಿನಲ್ಲಿಯೂ ಇದೇ ಜಾತಿಯ ದ್ವಾರಗಳಿವೆ. ತೊಡಕಿರುವುದು ಇಲ್ಲಿಯೇ.

ರಕ್ತದ ಒತ್ತಡವು ಏರಿದವನ ಹೃದಯವು ಪ್ರತಿ ಮಿಡಿತದಲ್ಲಿಯೂ ಹೆಚ್ಚಿನ ಭಾರದ ವಿರುದ್ಧ ದುಡಿಯಬೇಕು. ಗರಡಿಯಲ್ಲಿ ಸಾಮು ಮಾಡುವವನ ತೋಳಿನಂತೆ ಅದರ ಗೋಡೆ ದಪ್ಪವಾಗುವುದು. ಆದರೆ ಈ ದಪ್ಪವು ಆರೋಗ್ಯದ ಲಕ್ಷಣವಲ್ಲ. ಕೆಲವರಲ್ಲಿ ಗೋಡೆಯು ಪೆಡಸಾಗಿ ಹೃದಯದೊಳಕ್ಕೆ ರಕ್ತವು ಸರಾಗವಾಗಿ ತುಂಬದು. ಮತ್ತೆ ಕೆಲವರಲ್ಲಿ ಅದು ಹಿಗ್ಗಿ, ದುರ್ಬಲವಾಗಿ, ತುಂಬಿದುದನ್ನು ಹೊರಹಾಕಲಾರದು. ಎರಡರಲ್ಲಿಯೂ ರೋಗಿಗೆ ಮಲಗಿದರೆ ಏದುಸಿರು, ಕಾಲಿನಲ್ಲಿ ಊತ. ಇದೇ ಹೃದಯ ವೈಫಲ್ಯ.

ಜರ್ಮನಿಯ ಫ್ರೈಬುರ್ಗಿನಲ್ಲಿ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನನು 1964ರಲ್ಲಿ ಒಂದು ವಿಚಿತ್ರವನ್ನು ಕಂಡನು. ವೆರಾಪಮಿಲ್ ಮೊದಲಾದ ಕೆಲವು ಔಷಧಗಳು, ಕ್ಯಾಲ್ಸಿಯಮನ್ನೇ ತೆಗೆದುಬಿಟ್ಟರೆ ಹೇಗೋ ಹಾಗೆ ಹೃದಯದ ಸಂಕೋಚವನ್ನು ಕುಗ್ಗಿಸುತ್ತಿದ್ದವು. ಅವು ಕ್ಯಾಲ್ಸಿಯಂ ದ್ವಾರಗಳನ್ನು ತಡೆಯುವ ಔಷಧಗಳು. ಧಮನಿಯ ದ್ವಾರವನ್ನು ತಡೆದರೆ ಧಮನಿ ಸಡಿಲವಾಗಿ ಒತ್ತಡ ಇಳಿಯುವುದು, ಹೃದಯದ ಭಾರ ಹಗುರವಾಗುವುದು. ಹಾಗಾದರೆ ಒತ್ತಡದಿಂದ ಸೋತ ಹೃದಯಕ್ಕೆ ಇದಕ್ಕಿಂತ ಉತ್ತಮವಾದ ಮದ್ದುಂಟೇ? ತರ್ಕವೇನೋ ಸೊಗಸಾಗಿದೆ; ರೋಗಿಯ ದೇಹವು ಅದಕ್ಕೆ ಒಪ್ಪಲಿಲ್ಲ.

ಏಕೆಂದರೆ ವೆರಾಪಮಿಲ್, ಡಿಲ್ಟಿಯಾಜೆಮ್‌ಗಳು ಧಮನಿಯೊಡನೆ ಹೃದಯದ ದ್ವಾರವನ್ನೂ ತಡೆಯುವುವು. ಮೊದಲೇ ಬಲಗುಂದಿದ ಹೃದಯವು ಇನ್ನೂ ಕುಗ್ಗುವುದು. ಹೃದಯಾಘಾತಕ್ಕೆ ಒಳಗಾಗಿದ್ದವರಿಗೆ ಡಿಲ್ಟಿಯಾಜೆಮ್ ಕೊಟ್ಟು ನಡೆಸಿದ ಒಂದು ಪರೀಕ್ಷೆಯ ಫಲವು 1988ರಲ್ಲಿ ಹೊರಬಂದಿತು. ಶ್ವಾಸಕೋಶದಲ್ಲಿ ನೀರುಕಟ್ಟಿದ ಗುರುತಿದ್ದವರಿಗೆ ಅದರಿಂದ ಕೇಡೇ ಹೆಚ್ಚಾಗಿತ್ತು. ಬಹುಮಟ್ಟಿಗೆ ಧಮನಿಯ ಮೇಲೆಯೇ ವರ್ತಿಸುವ ಆಮ್ಲೋಡಿಪಿನ್ ಇದಕ್ಕಿಂತ ಸಾಧುವಾದುದು. ತೀವ್ರ ಹೃದಯ ವೈಫಲ್ಯದ 1,153 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದ ವರದಿಯು 1996ರಲ್ಲಿ ಬಂದಿತು. ಸಾವು ಹೆಚ್ಚಲಿಲ್ಲ, ಒಟ್ಟಿನಲ್ಲಿ ಸ್ಪಷ್ಟವಾದ ಲಾಭವೂ ತೋರಲಿಲ್ಲ.

2002ರಲ್ಲಿ ಪ್ರಕಟವಾದ ಆಲ್‌ಹ್ಯಾಟ್ ಎಂಬ ಮಹಾಪರೀಕ್ಷೆಯ ಫಲವು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಬೋಧಪ್ರದವಾದುದು. ಅದರಲ್ಲಿದ್ದವರು ರಕ್ತದೊತ್ತಡದ 33,357 ಮಂದಿ. ಮೂತ್ರವರ್ಧಕವಾದ ಕ್ಲೋರ್‌ಥಾಲಿಡೋನ್ ಸೇವಿಸಿದವರಲ್ಲಿಯೂ ಆಮ್ಲೋಡಿಪಿನ್ ಸೇವಿಸಿದವರಲ್ಲಿಯೂ ಒತ್ತಡವು ಹೆಚ್ಚುಕಡಿಮೆ ಸಮನಾಗಿಯೇ ಇಳಿಯಿತು. ಹೃದಯಾಘಾತವೂ ಮರಣವೂ ಸರಿಸುಮಾರು ಸಮನಾಗಿದ್ದವು. ಆದರೆ ಆರು ವರ್ಷಗಳಲ್ಲಿ ಹೃದಯ ವೈಫಲ್ಯವು ಮೊದಲಿನವರಲ್ಲಿ ನೂರಕ್ಕೆ 7.7ರಷ್ಟು, ಎರಡನೆಯವರಲ್ಲಿ 10.2ರಷ್ಟು. ಒತ್ತಡವನ್ನಳೆಯುವ ಪಾದರಸವು ಇಷ್ಟನ್ನೂ ತಿಳಿಸಲಾರದಷ್ಟೆ!

ಇದನ್ನೋದಿ ಮನೆಯ ಹಿರಿಯರ ಆಮ್ಲೋಡಿಪಿನ್ ಮಾತ್ರೆಯನ್ನು ಯಾರೂ ನಿಲ್ಲಿಸಬಾರದು. ಒತ್ತಡವನ್ನಿಳಿಸುವ ಉತ್ತಮ ಔಷಧಗಳಲ್ಲಿ ಅದೂ ಒಂದು. ಒತ್ತಡವನ್ನು ಹಾಗೆಯೇ ಬಿಟ್ಟರೆ ಹೃದಯಕ್ಕೆ ಕೇಡು ನಿಶ್ಚಯ. ಬಲಗುಂದಿದ ಹೃದಯಕ್ಕೆ ಬೇರೆ ಜಾತಿಯ ಔಷಧಗಳನ್ನು ಮೊದಲು ಕೊಟ್ಟು, ಒತ್ತಡವು ಇನ್ನೂ ಇಳಿಯದಿದ್ದರೆ ವೈದ್ಯರು ಇದನ್ನು ಸೇರಿಸುವುದುಂಟು. ಈ ಮಾತ್ರೆಯಿಂದ ಕೆಲವರ ಕಾಲಿನ ಗಿಣ್ಣು ಊದಿಕೊಳ್ಳುವುದು. ಅದು ಸಣ್ಣ ಧಮನಿಗಳು ಸಡಿಲವಾದುದರಿಂದ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ನೀರು ಜಿನುಗಿದ ಊತ. ಸೋತ ಹೃದಯದ ಊತವಲ್ಲ. ಹೊರನೋಟಕ್ಕೆ ಎರಡೂ ಒಂದೇ. ಕತ್ತಿನ ರಕ್ತನಾಳವು ಉಬ್ಬಿದೆಯೇ, ಮಲಗಿದಾಗ ಉಸಿರು ಕಟ್ಟುವುದೇ ಎಂಬುದನ್ನು ವಿಚಾರಿಸಿ, ಬೇಕಾದರೆ ಶಬ್ದಾತೀತ ತರಂಗಗಳಿಂದ ಹೃದಯವನ್ನು ಪರೀಕ್ಷಿಸಿ ವೈದ್ಯರು ಅವನ್ನು ಬೇರ್ಪಡಿಸುವರು.