ಒಡವೆಯ ಲೋಹ: ಕೊಳ್ಳುವಾಗ, ತೊಡುವಾಗ, ಝಕಾತ್ ಲೆಕ್ಕ ಹಾಕುವಾಗ

ಖೈಬರ್‌ನ ದಿನ ಫದಾಲ ಬಿನ್ ಉಬೈದ್(ರ) 12 ದೀನಾರ್ ಕೊಟ್ಟು ಒಂದು ಕಂಠಹಾರ ಕೊಂಡರು. ಅದರಲ್ಲಿ ಚಿನ್ನವೂ ಇತ್ತು, ಮಣಿಗಳೂ ಇದ್ದವು. ಬಿಡಿಸಿ ನೋಡಿದರೆ ಚಿನ್ನವೊಂದೇ 12 ದೀನಾರಿಗಿಂತ ಹೆಚ್ಚು ತೂಗಿತು. ಅವರು ಇದನ್ನು ಪ್ರವಾದಿ(ಸ)ರವರಿಗೆ ತಿಳಿಸಿದಾಗ, ಚಿನ್ನ ಬೇರೆ ಮಣಿ ಬೇರೆ ಮಾಡದೆ ಇಂತಹ ಹಾರವನ್ನು ಮಾರಬಾರದೆಂದು ಪ್ರವಾದಿ(ಸ) ತಾಕೀತು ಮಾಡಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸ್‌ನಲ್ಲಿ ಲಾಭವಾದದ್ದು ಕೊಂಡವರಿಗೇ ಎಂಬುದನ್ನು ಗಮನಿಸಿ. ಆದರೂ ತೂಕ ಸ್ಪಷ್ಟವಾಗಲೇಬೇಕಿತ್ತು.

ಇಂದು ಅಂಗಡಿಯಲ್ಲಿ ನಮ್ಮ ತಾಯಂದಿರಿಗೆ ಆಗುವುದು ಹೆಚ್ಚಾಗಿ ಇದರ ತಿರುಗುಮುರುಗು. ಹರಳಿನ ನೆಕ್ಲೇಸನ್ನು ಹರಳು ಸಮೇತ ತೂಗಿ, ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿರುತ್ತಾರೆ. ಹತ್ತು ವರ್ಷದ ನಂತರ ಮಾರಲು ಹೋದಾಗ ಅದೇ ಹರಳನ್ನು ತೂಕದಿಂದ ಕಳೆಯುತ್ತಾರೆ. ಆದ್ದರಿಂದ ಬಿಲ್ಲಿನಲ್ಲಿ ಒಟ್ಟು ತೂಕ, ಹರಳಿನ ತೂಕ, ನಿವ್ವಳ ಚಿನ್ನದ ತೂಕ, ಮಜೂರಿ ಎಲ್ಲವನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಕುಂದನ್, ಪೋಲ್ಕಿ, ಜಡಾವು ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಅಲ್ಲಿ ಈ ಬಿಲ್ಲೇ ನಿಮಗೆ ಆಧಾರ.

ಅಪ್ಪಟ ಚಿನ್ನ 24 ಕ್ಯಾರೆಟ್. ಅದು ಮೆತ್ತಗೆ, ಬಳೆ ಮಾಡಿದರೆ ಬಾಗುತ್ತದೆ. ಹಾಗಾಗಿ 22 ಪಾಲು ಚಿನ್ನಕ್ಕೆ 2 ಪಾಲು ತಾಮ್ರ, ಬೆಳ್ಳಿ ಮುಂತಾದವು ಸೇರಿಸುತ್ತಾರೆ. ಅದೇ 22 ಕ್ಯಾರೆಟ್, ಅಂದರೆ ಸಾವಿರಕ್ಕೆ 916 ಪಾಲು ಚಿನ್ನ. 18 ಕ್ಯಾರೆಟ್ ಎಂದರೆ 750; ಗಟ್ಟಿಯಾದ್ದರಿಂದ ವಜ್ರ, ಹರಳು ಕೂರಿಸಲು ಒಳ್ಳೆಯದು. ಉಳಿತಾಯದ ದೃಷ್ಟಿಯಿಂದ ಕೊಳ್ಳುವವರಿಗೆ ಹರಳಿಲ್ಲದ, ಕಡಿಮೆ ಮಜೂರಿಯ 22 ಕ್ಯಾರೆಟ್ಟೇ ಲೇಸು ಎಂಬುದು ನನ್ನ ಅಭಿಪ್ರಾಯ.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯಲ್ಲಿ ಮೂರು ಗುರುತು ಇರಬೇಕು: ಬಿಐಎಸ್ ಚಿಹ್ನೆ, ಶುದ್ಧತೆ, ಮತ್ತು ಅಕ್ಷರ-ಅಂಕಿ ಬೆರೆತ ಆರು ಸ್ಥಾನಗಳ ಎಚ್‌ಯುಐಡಿ. ಈ ಆರನ್ನು ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಒಡವೆ ಯಾವುದು, ಶುದ್ಧತೆ ಎಷ್ಟು ಎಂದು ತೋರಿಸುತ್ತದೆ. ಬಳೆಯ ನಂಬರು ಹಾಕಿದಾಗ ಉಂಗುರ ಎಂದು ಬಂದರೆ ಅಲ್ಲೇ ಕೇಳಿ, ಸಂಕೋಚ ಬೇಡ. 2 ಗ್ರಾಮಿಗಿಂತ ಕಡಿಮೆ ತೂಕದ ಮೂಗುತಿಯಂಥವಕ್ಕೆ ಈ ಕಡ್ಡಾಯವಿಲ್ಲ.

‘ಕೆಡಿಎಂ ಚಿನ್ನ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಅದು ಶುದ್ಧತೆಯ ಹೆಸರಲ್ಲ, ಕ್ಯಾಡ್ಮಿಯಂ ಹಾಕಿದ ಬೆಸುಗೆಯ ಹೆಸರು. ಆ ಬೆಸುಗೆಯ ಹೊಗೆ ಅಕ್ಕಸಾಲಿಗನ ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ಕೇಡು. ಬಿಐಎಸ್ ಅದನ್ನು ನಿಷೇಧಿಸಿದೆ. ‘ಕೆಡಿಎಂ ಇದೆಯಾ?’ ಎಂದು ಕೇಳುವುದನ್ನು ಬಿಟ್ಟು ಎಚ್‌ಯುಐಡಿ ಕೇಳಿ.

ಹಳೆ ಚಿನ್ನ ಕೊಟ್ಟು ಹೊಸದು ತರುವಾಗ ಅನೇಕರು ತಪ್ಪುತ್ತಾರೆ. 40 ಗ್ರಾಂ ಹಳೆಯದು ಕೊಟ್ಟು, ಮಜೂರಿಗೆ ಸರಿಮಾಡಿ, 36 ಗ್ರಾಂ ಹೊಸದು ತರುತ್ತಾರೆ. ಚಿನ್ನಕ್ಕೆ ಚಿನ್ನವಾದರೆ ತೂಕ ಸಮ ಇರಬೇಕು, ಕೈಗೆ ಕೈ ನಡೆಯಬೇಕು. ಹೆಚ್ಚು ಕಡಿಮೆಯಾದರೆ ಅದು ರಿಬಾ, ಬಡ್ಡಿ. ಬಿಲಾಲ್(ರ) ಎರಡು ಅಳತೆ ಕೀಳು ಖರ್ಜೂರ ಕೊಟ್ಟು ಒಂದು ಅಳತೆ ಉತ್ತಮ ಖರ್ಜೂರ ತಂದಾಗ ಪ್ರವಾದಿ(ಸ) ತಡೆದು, ಮೊದಲು ಅದನ್ನು ಮಾರಿ ಬಂದ ಹಣದಿಂದ ಇದನ್ನು ಕೊಳ್ಳಬೇಕೆಂದು ದಾರಿ ತೋರಿಸಿದರು. ಅಂಗಡಿಯಲ್ಲೂ ಇದು ಕಷ್ಟವಲ್ಲ: ಹಳೆಯದನ್ನು ಮಾರಿ, ಹಣ ಕೈಗೆ ತೆಗೆದುಕೊಂಡು, ನಂತರ ಹೊಸದರ ವ್ಯಾಪಾರ ಮಾಡಿ. ಹೀಗೆ ಮಾಡಿದರೆ ಅಂಗಡಿಯವರು ಹಳೆಯದಕ್ಕೆ ನಿಜವಾಗಿ ಎಷ್ಟು ಕಟ್ಟಿದರು ಎಂಬುದೂ ತಿಳಿಯುತ್ತದೆ.

ಗಂಡಸರಿಗೆ ಚಿನ್ನ ಹರಾಮ್ ಎಂಬುದು ಎಲ್ಲರಿಗೂ ಗೊತ್ತು. ಆದರೆ ನಿಶ್ಚಿತಾರ್ಥಕ್ಕೆ ‘ವೈಟ್ ಗೋಲ್ಡ್’ ಉಂಗುರ ತರುತ್ತಾರೆ. ಬಣ್ಣ ಬೆಳ್ಳಗಿದ್ದರೂ ಅದು ಚಿನ್ನವೇ, ಬೇರೆ ಲೋಹ ಬೆರೆಸಿ ಬಿಳುಪು ಮಾಡಿದ್ದು. ಪ್ಲಾಟಿನಂ ಬೇರೆಯೇ ಲೋಹ, ಆದರೂ ಗಂಡಸರ ಉಂಗುರಕ್ಕೆ ಬೆಳ್ಳಿಯನ್ನಷ್ಟೇ ಒಪ್ಪುವ ಹನಫಿ ಉಲಮಾಗಳಿದ್ದಾರೆ. ಸುಮಾರು 4 ಗ್ರಾಮಿನ ಬೆಳ್ಳಿ ಉಂಗುರ ತಂದರೆ ಯಾವ ಚರ್ಚೆಯೂ ಇಲ್ಲ. ಪ್ರವಾದಿ(ಸ)ರವರ ಮುದ್ರೆಯುಂಗುರ ಬೆಳ್ಳಿಯದೇ ಆಗಿತ್ತು. ಅನಿವಾರ್ಯವಾದಾಗ ಚಿನ್ನಕ್ಕೂ ಅನುಮತಿ ಸಿಕ್ಕಿದೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ(ರ) ಬೆಳ್ಳಿಯ ಮೂಗು ಮಾಡಿಸಿಕೊಂಡಿದ್ದರು. ಅದು ದುರ್ವಾಸನೆ ಹಿಡಿದಾಗ ಚಿನ್ನದ್ದು ಮಾಡಿಸಿಕೊಳ್ಳಲು ಪ್ರವಾದಿ(ಸ) ಹೇಳಿದರು. ಚಿನ್ನ ತುಕ್ಕು ಹಿಡಿಯದ ಲೋಹ.

ಬೆಳ್ಳಿ ಹಾಗಲ್ಲ. ಗಾಳಿಯಲ್ಲಿ, ಬೆವರಿನಲ್ಲಿ, ರಬ್ಬರಿನಲ್ಲಿ ಇರುವ ಗಂಧಕ ತಾಗಿ ಕಪ್ಪಾಗುತ್ತದೆ. ಮಗುವಿನ ಕಾಲ್ಗೆಜ್ಜೆ ಕಪ್ಪಾಯಿತೆಂದು ನಕಲಿ ಎನ್ನಬೇಡಿ. ಪಿಂಗಾಣಿ ಬಟ್ಟಲಿಗೆ ಅಲ್ಯುಮಿನಿಯಂ ಹಾಳೆ ಹಾಸಿ, ಬಿಸಿನೀರು ಮತ್ತು ಒಂದು ಚಮಚ ಅಡುಗೆ ಸೋಡ ಹಾಕಿ ಗೆಜ್ಜೆ ಹಾಳೆಗೆ ತಾಗುವಂತೆ ಮುಳುಗಿಸಿಡಿ. ಗಂಧಕ ಅಲ್ಯುಮಿನಿಯಂಗೆ ಹೋಗಿ ಕಪ್ಪು ಇಳಿಯುತ್ತದೆ. ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಗೀರು ಬೀಳುತ್ತದೆ. ಚಿನ್ನಕ್ಕೆ ಉಗುರುಬೆಚ್ಚಗಿನ ನೀರು, ಅಂಟುವಾಳದ ನೊರೆ, ಮೆತ್ತನೆಯ ಬ್ರಷ್ ಸಾಕು. ಕುಂದನ್‌ನ ಒಳಗೆ ಅರಗು ಇರುವುದರಿಂದ ಅದನ್ನು ನೀರಿಗೆ ಹಾಕಬಾರದು. ಅತ್ತರ್ ಹಚ್ಚಿ ಒಣಗಿದ ಮೇಲೆ ಒಡವೆ ತೊಡಿ. ಬ್ಲೀಚಿಂಗ್ ಪುಡಿಯಲ್ಲಿ ಬಚ್ಚಲು ತೊಳೆಯುವಾಗ ಉಂಗುರ ಬಿಚ್ಚಿಡಿ. ಮನೆ ಬಾಗಿಲಿಗೆ ಬಂದು ಪಾಲಿಶ್ ಮಾಡಿಕೊಡುತ್ತೇವೆ ಎನ್ನುವವರಿಗಂತೂ ಕೊಡಲೇಬೇಡಿ. ಅವರ ದ್ರಾವಣದಲ್ಲಿ ಚಿನ್ನ ಕರಗಿ ಉಳಿಯುತ್ತದೆ, ಹೊಳೆಯುವ ಬಳೆ ಮಾತ್ರ ನಿಮ್ಮ ಕೈಗೆ ಬರುತ್ತದೆ.

‘ಒನ್ ಗ್ರಾಂ ಗೋಲ್ಡ್’ ತೊಡಲು ಅಡ್ಡಿಯಿಲ್ಲ. ಚರ್ಮ ಕೆಂಪಾಗಿ ತುರಿಸಿದರೆ ಒಳಗಿನ ನಿಕಲ್ ಕಾರಣವಿರಬಹುದು, ಬಿಟ್ಟುಬಿಡಿ. ಬಿಗಿ ಉಂಗುರವನ್ನು ವುಝೂ ಮಾಡುವಾಗ ತಿರುಗಿಸಿ ಅಡಿಗೆ ನೀರು ತಲುಪಿಸಬೇಕು.

ಝಕಾತ್‌ನ ಮಾತು. ಕರಾವಳಿಯ ಶಾಫಿಈ ಕುಟುಂಬಗಳಲ್ಲಿ ಹೆಣ್ಣುಮಕ್ಕಳು ವಾಡಿಕೆಯ ಮಿತಿಯಲ್ಲಿ ತೊಡುವ ಒಡವೆಗೆ ಝಕಾತ್ ಇಲ್ಲ. ಹನಫಿಗಳಲ್ಲಿ ತೊಟ್ಟದ್ದಕ್ಕೂ ಉಂಟು. ಬಿಸ್ಕತ್ತು, ನಾಣ್ಯಕ್ಕೆ ಇಬ್ಬರಲ್ಲೂ ಉಂಟು. ಹನಫಿ ಲೆಕ್ಕದಲ್ಲಿ ಚಿನ್ನದ ನಿಸಾಬ್ ಏಳೂವರೆ ತೊಲ, ಅಂದರೆ 87.48 ಗ್ರಾಂ, ಬೆಳ್ಳಿಯದು 612.36 ಗ್ರಾಂ. ಚಿನ್ನ ಅಷ್ಟಿಲ್ಲದಿದ್ದರೂ ಜೊತೆಗೆ ನಗದು ಇದ್ದರೆ ಎರಡರ ಬೆಲೆ ಕೂಡಿಸಿ ಬೆಳ್ಳಿಯ ನಿಸಾಬ್‌ಗೆ ಹೋಲಿಸಬೇಕು. 30 ಗ್ರಾಂ ಇರುವ ಅನೇಕ ತಾಯಂದಿರು ಇದರಲ್ಲಿ ಬರುತ್ತಾರೆ. ಹರಳಿನ ತೂಕ ಕಳೆಯಿರಿ, ಕೊಟ್ಟ ಮಜೂರಿ ಸೇರಿಸಬೇಡಿ. ನಿವ್ವಳ 120 ಗ್ರಾಂ ಇದ್ದರೆ ನೂರಕ್ಕೆ ಎರಡೂವರೆಯಂತೆ 3 ಗ್ರಾಂ, ಅಥವಾ ಅದೇ ಕ್ಯಾರೆಟ್‌ನ ಅಂದಿನ ಬೆಲೆ.

ಮಹ್ರ್ ಆಗಿ ಕೊಡುವ ಒಡವೆಯ ನಿವ್ವಳ ತೂಕ ಮತ್ತು ಕ್ಯಾರೆಟ್ಟನ್ನು ನಿಕಾಹ್ ದಫ್ತರಿನಲ್ಲಿ ಬರೆಸಿ. ಬಿಲ್ ಹುಡುಗಿಯ ಹೆಸರಿನಲ್ಲಿರಲಿ, ಅವಳ ಬಳಿಯೇ ಇರಲಿ. ಅದು ಅವಳ ಸೊತ್ತು. ಮಾರಲು, ಅಡವಿಡಲು ಅವಳನ್ನು ಕೇಳಲೇಬೇಕು.