ಹೊಸ ಹಲ್ಲುಚಕ್ರಗಳನ್ನು ಪಳಗಿಸುವುದು

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ಮೋಟಾರಿನ ಹಲ್ಲುಚಕ್ರಗಳ ವಿಷಯವಾಗಿ ಬರೆಯಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಮಲೆನಾಡಿನಿಂದ ಬಂದ ನನ್ನಂಥವರಿಗೆ ಜೀಪು ಪಠ್ಯಪುಸ್ತಕಕ್ಕಿಂತ ಮೊದಲೇ ಪರಿಚಯವಾದ ವಸ್ತು. ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಸೋದರಮಾವನ ಹಳೆಯ ಜೀಪಿಗೆ ಒದಗಿದ ಒಂದು ಅವಾಂತರವೇ ಈ ಲೇಖನಕ್ಕೆ ಕಾರಣ.

ಜೀಪಿನ ಹಿಂದಿನ ಡಿಫರೆನ್ಶಿಯಲ್ಲಿನ ಹಲ್ಲುಗಳು ಸವೆದಿದ್ದವು. ಮಾವ ಪೇಟೆಯಲ್ಲಿ ಹೊಸ ಜೋಡಿಯನ್ನು ಹಾಕಿಸಿದರು. ಮಳೆಗೆ ಮುನ್ನ ತೋಟಕ್ಕೆ ಗೊಬ್ಬರ ಸೇರಬೇಕೆಂಬ ಅವಸರದಲ್ಲಿ, ಅದೇ ಸಂಜೆ ಟ್ರೈಲರಿನ ತುಂಬ ಮೂಟೆ ಹೇರಿ ಘಾಟಿ ಹತ್ತಿಸಿದರು. ತಿಂಗಳು ತುಂಬುವುದರೊಳಗೆ ಜೀಪು ಊಳಿಡತೊಡಗಿತು. ಬಿಚ್ಚಿ ನೋಡಿದರೆ ಹಲ್ಲುಗಳ ಮೈ ನೀಲಿಗಟ್ಟಿ ಅಲ್ಲಲ್ಲಿ ಕಿತ್ತುಹೋಗಿತ್ತು. ನಮ್ಮೂರಿನ ಮುದಿ ಮೇಸ್ತ್ರಿ ಅದನ್ನು ನೋಡಿ, “ಅಲ್ಲ ಗೌಡ್ರೆ, ಹೊಸ ಹೋರಿಗೆ ಮೊದಲನೆ ದಿನವೇ ತುಂಬಿದ ಗಾಡಿ ಕಟ್ತೀರಾ?” ಎಂದು ಕೇಳಿದನು. ಮಾವ ಮಾತಾಡಲಿಲ್ಲ. ಹೇಳಬೇಕಾದವರು ಹೇಳಿರಲಿಲ್ಲ, ಕೇಳಬೇಕಾದವರು ಕೇಳಿರಲಿಲ್ಲ. ಒಂದೇ ಬೇಸಿಗೆಯಲ್ಲಿ ಎರಡು ಜೋಡಿಗೆ ಹಣ ತೆರಬೇಕಾಯಿತು.

ಈ ಡಿಫರೆನ್ಶಿಯಲ್ ಎಂದರೇನು? ವಾಹನವು ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಚಕ್ರಗಳ ನಡುವೆ 1.2 ಮೀಟರ್ ಅಂತರವಿದ್ದರೆ, ಅರ್ಧವೃತ್ತದ ಒಂದು ಘಾಟಿ ತಿರುವಿನಲ್ಲಿ ಈ ವ್ಯತ್ಯಾಸ ಸುಮಾರು 3.8 ಮೀಟರ್ ಆಗುತ್ತದೆ. ಎರಡು ಚಕ್ರಗಳೂ ಒಂದೇ ದಂಡಕ್ಕೆ ಬಿಗಿದಿದ್ದರೆ ಒಂದು ಚಕ್ರ ಜಾರಲೇಬೇಕು. ಎಂಜಿನ್ನಿನ ಶಕ್ತಿಯನ್ನು ಎರಡಕ್ಕೂ ಹಂಚಿ, ಬೇರೆ ಬೇರೆ ವೇಗದಲ್ಲಿ ತಿರುಗಗೊಡುವುದೇ ಈ ಸಾಧನದ ಕೆಲಸ. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಜೀಪಿನಲ್ಲಿ ಇಂಥವು ಮುಂದೊಂದು, ಹಿಂದೊಂದು ಇರುತ್ತವೆ.

ಇದರೊಳಗೆ ಭಾರವೆಲ್ಲ ಬೀಳುವುದು ನಮ್ಮ ಗ್ಯಾರೇಜುಗಳಲ್ಲಿ ‘ಕ್ರೌನ್-ಪಿನಿಯನ್’ ಎಂದು ಕರೆಯುವ ಜೋಡಿಯ ಮೇಲೆ. ಯುದ್ಧಕಾಲದ ಜೀಪಿನಲ್ಲಿ ಕ್ರೌನಿಗೆ 39, ಪಿನಿಯನ್ನಿಗೆ 8 ಹಲ್ಲುಗಳಿದ್ದವು. ಅಂದರೆ ಚಕ್ರವು ಒಂದು ಸುತ್ತು ತಿರುಗಲು ಪಿನಿಯನ್ನು ಸುಮಾರು 4.88 ಸುತ್ತು ತಿರುಗಬೇಕು. ಮುಂದಿನ ಮತ್ತು ಹಿಂದಿನ ಜೋಡಿಗಳ ಪ್ರಮಾಣ ಒಂದೇ ಆಗಿರಬೇಕೆಂಬುದನ್ನು ಮರೆಯಬಾರದು. ಇಲ್ಲದಿದ್ದರೆ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಒಂದನ್ನೊಂದು ಎಳೆದಾಡುತ್ತವೆ.

ಈ ಹಲ್ಲುಗಳು ಓರೆಯಾಗಿಯೂ ಬಾಗಿಯೂ ಇದ್ದು, ಒಂದರ ಮೇಲೊಂದು ಉರುಳುವುದಲ್ಲದೆ ಉದ್ದಕ್ಕೂ ಜಾರುತ್ತವೆ. ಜಾರುವಲ್ಲಿ ಘರ್ಷಣೆ, ಘರ್ಷಣೆಯಿದ್ದಲ್ಲಿ ಶಾಖ. ಕಾರ್ಖಾನೆಯಲ್ಲಿ ಜೋಡಿಯನ್ನು ಪರಸ್ಪರ ಉಜ್ಜಿ ನಯಗೊಳಿಸಿರುತ್ತಾರೆ. ಆದುದರಿಂದಲೇ ಒಂದು ಜೋಡಿಯ ಕ್ರೌನಿಗೆ ಇನ್ನೊಂದರ ಪಿನಿಯನ್ನನ್ನು ಸೇರಿಸಬಾರದು. ಆದರೂ ಬರಿಗಣ್ಣಿಗೆ ಕಾಣದ ಸಣ್ಣ ಉಬ್ಬುಗಳು ಮೇಲ್ಮೈಯಲ್ಲಿ ಉಳಿದಿರುತ್ತವೆ. ಇವು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಮೆಲ್ಲನೆ ನುಣುಪಾಗಬೇಕು. ಹೊಸ ಬೇರಿಂಗುಗಳ ಬಿಗಿಯೂ ಇದೇ ಕಾಲದಲ್ಲಿ ಶಾಖವನ್ನು ಹೆಚ್ಚಿಸುತ್ತದೆ.

ಹಲ್ಲುಗಳ ಮೈಯನ್ನು ಇಂಗಾಲವುಣಿಸಿ, ಕಾಸಿ, ತಣಿಸಿ ಗಟ್ಟಿಮಾಡಿರುತ್ತಾರೆ. ಶಾಖ ಮಿತಿಮೀರಿದರೆ ಆ ಗಡಸುತನ ಕುಂದುತ್ತದೆ. ನೀಲಿ ಬಣ್ಣವೇರಲು ಉಕ್ಕಿನ ಮೈ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಮಾವನ ಜೀಪಿನಲ್ಲಿ ಆದದ್ದು ಇದೇ. ಒಮ್ಮೆ ಮೆತ್ತಗಾದ ಹಲ್ಲು ಆಮೇಲೆ ಎಷ್ಟು ಜೋಪಾನ ಮಾಡಿದರೂ ಮತ್ತೆ ಗಟ್ಟಿಯಾಗದು.

ಹಾಗಾದರೆ ಪಳಗಿಸುವ ಕ್ರಮವೇನು? ಮೊದಲು ಸರಿಯಾದ ಎಣ್ಣೆ ಬೇಕು. ಇಂಥ ಹಲ್ಲುಗಳಿಗೆ ಹೆಚ್ಚಿನ ಒತ್ತಡವನ್ನು ತಾಳುವ, ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿದ ಎಣ್ಣೆಯೇ ಆಗಬೇಕು. ಅದರ ಕಟುವಾಸನೆಗೆ ಗಂಧಕವೇ ಕಾರಣ. ಬಳಿಕ ವಾಹನವನ್ನು ಬರಿದಾಗಿ, ಸಾಧಾರಣ ವೇಗದಲ್ಲಿ 25-30 ಕಿಲೋಮೀಟರ್ ಓಡಿಸಿ ನಿಲ್ಲಿಸಬೇಕು. ಅರ್ಧ ಗಂಟೆಯಾದರೂ ಪೂರ್ತಿ ಆರಗೊಡಬೇಕು. ಹೀಗೆ ಎರಡು ಮೂರು ಬಾರಿ ಮಾಡಬೇಕು. ಮೊದಲ 800 ಕಿಲೋಮೀಟರಿನವರೆಗೆ ಟ್ರೈಲರು ಕಟ್ಟುವುದು, ಹೇರು ಹೇರುವುದು, ಒಮ್ಮೆಲೇ ಆಕ್ಸಿಲರೇಟರನ್ನು ಒತ್ತುವುದು ಯಾವುದೂ ಸಲ್ಲದು. ಆಮೇಲೆ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಬೇಕು. ಹಳೆಯ ಎಣ್ಣೆಯಲ್ಲಿ ಬೂದಿಬಣ್ಣದ ನುಣ್ಣನೆಯ ಕೆಸರು ಕಂಡರೆ ಅಂಜಬೇಕಾಗಿಲ್ಲ. ಲೋಹದ ಚೂರುಗಳು ಕಂಡರೆ ಅಂಜಬೇಕು. ಮೊದಲ ಸಲ ಟ್ರೈಲರು ಕಟ್ಟುವಾಗಲೂ ಸ್ವಲ್ಪ ದೂರಕ್ಕೊಮ್ಮೆ ನಿಲ್ಲಿಸಿ ಆರಿಸುವುದು ಕ್ಷೇಮ.

ಮುಂದಿನ ಜೋಡಿಯ ಸಂಗತಿ ತುಸು ಬೇರೆ. ಹಿಂದಿನ ಚಕ್ರಗಳು ಮಾತ್ರ ಎಳೆಯುವಾಗ ಮುಂದಿನ ಹಲ್ಲುಗಳ ಮೇಲೆ ಭಾರವೇ ಬೀಳದು. ಆದ್ದರಿಂದ ಎಷ್ಟು ಓಡಿಸಿದರೂ ಅವು ಪಳಗವು. ನಾಲ್ಕು ಚಕ್ರಗಳನ್ನೂ ತೊಡಗಿಸಿಯೇ ಅವನ್ನು ಹದಗೊಳಿಸಬೇಕು. ಆದರೆ ಇದನ್ನು ಒಣ ಡಾಂಬರು ರಸ್ತೆಯಲ್ಲಿ ಮಾಡಲಾಗದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳು ಸಾಗುವ ದೂರ ಬೇರೆಯಾಗಿ ಯಂತ್ರವೆಲ್ಲ ಮುರುಕಿಕೊಳ್ಳುತ್ತದೆ. ಚಕ್ರವು ಸ್ವಲ್ಪ ಜಾರಲು ಎಡೆಯಿರುವ ಸಡಿಲ ಮಣ್ಣಿನ ಹಾದಿಯೇ ಇದಕ್ಕೆ ತಕ್ಕ ಸ್ಥಳ.

ಇನ್ನೊಂದು ಮಾತು. ಪಳಗಿಸಿದರೆ ಎಲ್ಲವೂ ಸರಿಹೋಗುವುದೆಂದು ಭ್ರಮಿಸಬಾರದು. ಹಲ್ಲುಗಳ ನಡುವಣ ಬಿಡುವು ತಪ್ಪಿದ್ದರೆ, ಪಿನಿಯನ್ನು ತನ್ನ ನೆಲೆಯಲ್ಲಿಲ್ಲದಿದ್ದರೆ, ಮೊದಲ ದಿನವೇ ಕೇಳುವ ಕೂಗು ಓಡಿಸಿದಷ್ಟೂ ಹೆಚ್ಚೀತೇ ಹೊರತು ತಗ್ಗದು. ಆಗ ಬಿಚ್ಚಿ ಮತ್ತೆ ಕೂರಿಸುವುದೊಂದೇ ದಾರಿ.

ಎರಡನೆಯ ಜೋಡಿಯನ್ನು ಮೇಸ್ತ್ರಿಯ ಮಾತಿನಂತೆಯೇ ನಡೆಸಿದೆವು. ಮಾವ ಓಡಿಸುತ್ತಿದ್ದರು, ಪಕ್ಕದಲ್ಲಿ ಕುಳಿತ ನಾನು ಕಿಲೋಮೀಟರುಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ದಾರಿಯ ಮರದಡಿ ಜೀಪು ಆರುತ್ತಿರುವಾಗ ಮಾವನಿಗೆ ಚಡಪಡಿಕೆ. ಆ ವರ್ಷ ಗೊಬ್ಬರ ಬಾಡಿಗೆಯ ಗಾಡಿಯಲ್ಲಿ ಬಂತು. ಆದರೆ ಈಗ ಜೀಪು ತುಂಬಿದ ಟ್ರೈಲರನ್ನು ಎಳೆದುಕೊಂಡು ಸದ್ದಿಲ್ಲದೆ ಘಾಟಿ ಹತ್ತುತ್ತದೆ. ಅರ್ಧ ಗಂಟೆಯ ತಾಳ್ಮೆಗೆ ಎಷ್ಟು ಬೆಲೆಯೆಂಬುದನ್ನು ನಮ್ಮ ಮನೆಯವರು ರಶೀದಿ ಸಹಿತ ಬಲ್ಲರು.